ಮರದ ಲಿಗ್ನಿನ್ ಮತ್ತು ಅದರ ವಿದ್ಯುದಾವೇಶದ ಅಳತೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಇತ್ತೀಚಿನ ವರ್ಷಗಳಲ್ಲಿ ಗೊಬ್ಬರದ ಅಂಗಡಿಗಳಿಗೆ ಕಪ್ಪು ಬಣ್ಣದ ದ್ರಾವಣ, ಪುಡಿ ಮತ್ತು ಹರಳುಗಳು ಹೇರಳವಾಗಿ ಬರುತ್ತಿವೆ. ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲ, ಪೊಟ್ಯಾಸಿಯಂ ಹ್ಯೂಮೇಟ್ ಎಂಬ ಹೆಸರುಗಳಲ್ಲಿ ಇವು ಮಾರಾಟವಾಗುತ್ತವೆ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಕಪ್ಪು ದಟ್ಟವಾಗಿದ್ದರೆ ಸರಕು ಒಳ್ಳೆಯದೆಂದು ನಂಬಿ ಕೊಳ್ಳುವವರು ಬಹಳ ಮಂದಿ. ಆದರೆ ಕಪ್ಪಗಿರುವುದೆಲ್ಲ ಹ್ಯೂಮಸ್ ಅಲ್ಲ. ಕಾಗದ ತಯಾರಿಕೆಗಾಗಿ ಮರವನ್ನು ಬೇಯಿಸಿದಾಗ ಹೊರಬರುವ ಲಿಗ್ನಿನ್ ಎಂಬ ವಸ್ತುವೂ ಕಪ್ಪು ಅಥವಾ ಕಡು ಕಂದು ಬಣ್ಣದ್ದೇ ಆಗಿದೆ. ಅದರ ಬೆಲೆ ಕಡಿಮೆ. ಹ್ಯೂಮಿಕ್ ಪದಾರ್ಥಗಳಿಗೆ ಲಿಗ್ನಿನ್ನಿನ ಲವಣಗಳನ್ನು ಬೆರೆಸುವುದು ಪ್ರಯೋಗಶಾಲೆಗಳಿಗೆ ಬಹು ಕಾಲದಿಂದ ತಿಳಿದಿರುವ ಕಲಬೆರಕೆ.

ಹಾಗೆಂದು ಲಿಗ್ನಿನ್ ಕೆಲಸಕ್ಕೆ ಬಾರದ ವಸ್ತುವೇನಲ್ಲ. ನೀರಿನಲ್ಲಿ ಬೆರೆಸಿ ಸಿಂಪಡಿಸುವ ಪೀಡೆನಾಶಕ ಪುಡಿ ತಳಕ್ಕೆ ಕೂರದಂತೆ ತಡೆಯುವುದು ಬಹಳಷ್ಟು ಸಲ ಇದೇ ಲಿಗ್ನಿನ್ನಿನ ಲವಣ. ಸತು, ಕಬ್ಬಿಣ ಮುಂತಾದ ಲಘು ಪೋಷಕಾಂಶಗಳನ್ನು ಹಿಡಿದಿಟ್ಟುಕೊಡುವುದಕ್ಕೂ ಇದರ ಬಳಕೆಯಿದೆ. ಒಂದೇ ವಸ್ತು ಒಂದು ಕಡೆ ಉಪಕಾರಿ, ಇನ್ನೊಂದು ಕಡೆ ಕಲಬೆರಕೆ. ಇವೆರಡನ್ನು ಬೇರ್ಪಡಿಸಿ ತಿಳಿಯಲು ಬಣ್ಣ ಸಹಾಯಕ್ಕೆ ಬರುವುದಿಲ್ಲ. ಸಹಾಯಕ್ಕೆ ಬರುವುದು ಅದರ ವಿದ್ಯುದಾವೇಶದ ಅಳತೆ. ಈ ಅಳತೆ ಎಂದರೇನು, ಅದನ್ನು ಹೇಗೆ ಮಾಡುತ್ತಾರೆ, ರೈತನ ಹಣ ಉಳಿಸಲು ಅದು ಹೇಗೆ ನೆರವಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಲಿಗ್ನಿನ್ ಎಂದರೇನು?

ಮರದ ಗಟ್ಟಿತನಕ್ಕೆ ಕಾರಣ ಲಿಗ್ನಿನ್. ಮರದಲ್ಲಿ ಸೆಲ್ಯುಲೋಸ್ ಎಂಬ ನಾರುಗಳಿರುತ್ತವೆ. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಬಿಗಿಯಾಗಿ ನಿಲ್ಲಿಸುವ ಗಾರೆಯಂತೆ ಲಿಗ್ನಿನ್ ಕೆಲಸ ಮಾಡುತ್ತದೆ. ಮರದ ಒಣ ತೂಕದಲ್ಲಿ ಸುಮಾರು ಶೇಕಡಾ 20ರಿಂದ 30 ಭಾಗ ಇದೇ ಇರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಲಿಗ್ನಮ್’ ಎಂದರೆ ಮರ; ಆ ಪದದಿಂದ 1813ರಲ್ಲಿ ಸ್ವಿಟ್ಜರ್‌ಲೆಂಡಿನ ಸಸ್ಯವಿಜ್ಞಾನಿ ಡಿ ಕಾಂಡೋಲ್ ಈ ಹೆಸರನ್ನು ಕೊಟ್ಟರು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳು ಗೊಬ್ಬರದ ಗುಂಡಿಯಲ್ಲಿ ಬೇಗ ಕಳಿಯದೆ ಉಳಿಯುತ್ತವೆ, ಗೊಬ್ಬರದ ಗಿಡದ ಎಳೆ ಸೊಪ್ಪು ಕೆಲವೇ ವಾರಗಳಲ್ಲಿ ಕರಗುತ್ತದೆ. ಕಟ್ಟಿಗೆಯಲ್ಲಿ ಲಿಗ್ನಿನ್ ಹೆಚ್ಚಾಗಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ.

ಕಾಗದಕ್ಕೆ ಬೇಕಾದುದು ನಾರು ಮಾತ್ರ. ಆದುದರಿಂದ ಕಾರ್ಖಾನೆಯಲ್ಲಿ ಮರದ ಚಕ್ಕೆಗಳನ್ನು ರಾಸಾಯನಿಕ ದ್ರಾವಣದಲ್ಲಿ ಬೇಯಿಸಿ ಲಿಗ್ನಿನ್ನನ್ನು ಕರಗಿಸಿ ಹೊರಹಾಕುತ್ತಾರೆ. ಬೇಯಿಸುವ ವಿಧಾನಗಳಲ್ಲಿ ಎರಡು ಮುಖ್ಯ. ಯಾವ ವಿಧಾನ ಎಂಬುದರ ಮೇಲೆ ಹೊರಬರುವ ಲಿಗ್ನಿನ್ನಿನ ಗುಣ ನಿರ್ಧಾರವಾಗುತ್ತದೆ.

1. ಸಲ್ಫೈಟ್ ವಿಧಾನ: ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1860ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಗಂಧಕದ ಡೈ ಆಕ್ಸೈಡನ್ನು ಹೀರಿಕೊಂಡ ಬೈಸಲ್ಫೈಟ್ ದ್ರಾವಣದಲ್ಲಿ ಮರವನ್ನು ಬೇಯಿಸಲಾಗುತ್ತದೆ. ಇಲ್ಲಿ ಲಿಗ್ನಿನ್ನಿಗೆ ಸಲ್ಫೊನೇಟ್ ಎಂಬ ಗುಂಪುಗಳು ಅಂಟಿಕೊಳ್ಳುತ್ತವೆ. ಇದೇ ಲಿಗ್ನೋಸಲ್ಫೊನೇಟ್. ಇದು ಆಮ್ಲ, ಕ್ಷಾರ ಎನ್ನದೆ ಎಲ್ಲ ಬಗೆಯ ನೀರಿನಲ್ಲಿಯೂ ಕರಗುತ್ತದೆ. ಇಂದು ಜಗತ್ತಿನಲ್ಲಿ ಈ ವಿಧಾನದ ಕಾರ್ಖಾನೆಗಳು ಕಡಿಮೆ. ನಾರ್ವೆ ದೇಶದ ಸಾರ್ಪ್ಸ್‌ಬೋರ್ಗ್ ಪಟ್ಟಣದ ಕಾರ್ಖಾನೆ ಲಿಗ್ನೋಸಲ್ಫೊನೇಟ್ ತಯಾರಿಕೆಗೆ ಹೆಸರಾಗಿದೆ.

2. ಕ್ರಾಫ್ಟ್ ವಿಧಾನ: ಜರ್ಮನ್ ರಸಾಯನ ವಿಜ್ಞಾನಿ ಕಾರ್ಲ್ ಡಾಲ್ 1879ರಲ್ಲಿ ಇದನ್ನು ರೂಪಿಸಿದರು. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ಕ್ಷಾರ ದ್ರಾವಣದಲ್ಲಿ ಸುಮಾರು 160ರಿಂದ 170 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಮರವನ್ನು ಬೇಯಿಸುತ್ತಾರೆ. ಹೊರಬರುವ ಕಪ್ಪು ದ್ರಾವಣವನ್ನು ಕುದಿಸಿ ಮಂದ ಮಾಡಿ, ಕುಲುಮೆಯಲ್ಲಿ ಉರಿಸಿ, ಶಾಖವನ್ನೂ ಸೋಡಾವನ್ನೂ ಮರಳಿ ಪಡೆಯುತ್ತಾರೆ. ನಮ್ಮ ರಾಜ್ಯದ ದಾಂಡೇಲಿಯ ಕಾರ್ಖಾನೆಯೂ ಸೇರಿದಂತೆ ಮರದಿಂದ ತಿರುಳು ಮಾಡುವ ದೊಡ್ಡ ಕಾರ್ಖಾನೆಗಳಲ್ಲಿ ಬಹುಪಾಲು ಈ ವಿಧಾನದವು. ರೈತರು ಬೆಳೆದು ಮಾರುವ ಸರ್ವೆ, ಸುಬಾಬುಲ್ ಮರಗಳ ಲಿಗ್ನಿನ್ ಸಾಮಾನ್ಯವಾಗಿ ಹೀಗೆ ಕುಲುಮೆಯಲ್ಲಿ ಉರಿದುಹೋಗುತ್ತದೆ. ಕೆಲವು ಕಡೆ ಮಾತ್ರ ಕಪ್ಪು ದ್ರಾವಣದಿಂದ ಲಿಗ್ನಿನ್ನನ್ನು ಗಸಿಯಾಗಿ ಇಳಿಸಿ ಬೇರೆಯಾಗಿ ತೆಗೆಯುತ್ತಾರೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪ್ಲಿಮತ್‌ನಲ್ಲಿ 2013ರಲ್ಲಿ ಇಂಥ ಘಟಕ ಕೆಲಸ ಆರಂಭಿಸಿತು.

ವಿದ್ಯುದಾವೇಶ ಎಂದರೇನು?

ಮಳೆಗಾಲದಲ್ಲಿ ಕೆರೆಯ ನೀರು ಕದಡಿರುತ್ತದೆ. ಕೊಡದಲ್ಲಿ ತುಂಬಿಟ್ಟರೂ ದಿನಗಟ್ಟಲೆ ತಿಳಿಯಾಗುವುದಿಲ್ಲ. ಮಣ್ಣಿನ ಅತಿ ಸೂಕ್ಷ್ಮ ಕಣಗಳೆಲ್ಲ ಋಣಾವೇಶ ಹೊಂದಿರುವುದೇ ಇದಕ್ಕೆ ಕಾರಣ. ಒಂದೇ ಬಗೆಯ ಆವೇಶವುಳ್ಳ ಕಣಗಳು ಪರಸ್ಪರ ದೂರ ತಳ್ಳುತ್ತವೆ. ಒಟ್ಟುಗೂಡಿ ಭಾರವಾಗಿ ಕೆಳಗೆ ಕೂರುವುದಿಲ್ಲ. ಅದೇ ನೀರಿನಲ್ಲಿ ಪಟಿಕವನ್ನು ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲೇ ತಿಳಿಯಾಗುತ್ತದೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಧನಾವೇಶವುಳ್ಳದ್ದು. ಅದು ಮಣ್ಣಿನ ಕಣಗಳ ಋಣಾವೇಶವನ್ನು ಹೊಂದಿಸಿಬಿಡುತ್ತದೆ. ತಳ್ಳುವ ಶಕ್ತಿ ಹೋದೊಡನೆ ಕಣಗಳು ಹೆಪ್ಪುಗಟ್ಟಿ ಇಳಿಯುತ್ತವೆ. ನುಗ್ಗೆ ಬೀಜದ ಪುಡಿಯಿಂದ ನೀರು ತಿಳಿಯಾಗುವುದೂ ಅದರಲ್ಲಿರುವ ಧನಾವೇಶದ ಪ್ರೋಟೀನುಗಳಿಂದಲೇ.

ನೀರಿನಲ್ಲಿ ಕರಗಿದ ಲಿಗ್ನಿನ್ ಕೂಡ ಮಣ್ಣಿನ ಕಣದಂತೆ ಋಣಾವೇಶ ಉಳ್ಳದ್ದು. ಇದನ್ನು ದನದ ಕೊಟ್ಟಿಗೆಗೆ ಹೋಲಿಸಬಹುದು. ಲಿಗ್ನಿನ್ನಿನ ಒಂದೊಂದು ಋಣಾವೇಶವೂ ನೆಲಕ್ಕೆ ಹೊಡೆದ ಒಂದೊಂದು ಗೂಟ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ, ಸುಣ್ಣದ ಕ್ಯಾಲ್ಸಿಯಂ, ಸತು ಇವೆಲ್ಲ ಧನಾವೇಶವುಳ್ಳವು. ಇವು ಆ ಗೂಟಗಳಿಗೆ ಕಟ್ಟಿದ ದನಗಳು. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂಗಳಿಗೆ ಒಂದೊಂದು ಗೂಟ ಸಾಕು. ಕ್ಯಾಲ್ಸಿಯಂ, ಸತುಗಳಿಗೆ ಎರಡೆರಡು ಬೇಕು. ಗೂಟ ಎಂದೂ ಖಾಲಿ ಇರುವುದಿಲ್ಲ. ಒಂದನ್ನು ಬಿಚ್ಚಬೇಕಾದರೆ ಇನ್ನೊಂದು ಬಂದು ನಿಲ್ಲಬೇಕು. ಮಣ್ಣು ಪರೀಕ್ಷೆಯಲ್ಲಿ ಹೇಳುವ ಧನ ಅಯಾನು ವಿನಿಮಯ ಸಾಮರ್ಥ್ಯವೂ ಇದೇ ಗೂಟಗಳ ಎಣಿಕೆಯೇ. ಎಣಿಕೆಯ ಘಟಕಕ್ಕೆ ಮಿಲಿ ಈಕ್ವಿವಲೆಂಟ್ ಎನ್ನುತ್ತಾರೆ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಲಿಗ್ನಿನ್ನಿನಲ್ಲಿ ಮೂರು ಬಗೆಯ ಗೂಟಗಳಿವೆ.

ಮೊದಲನೆಯದು ಸಲ್ಫೊನೇಟ್. ಇದು ಎಷ್ಟೇ ಹುಳಿಯಾದ ನೀರಿನಲ್ಲಿಯೂ ಋಣಾವೇಶವನ್ನು ಬಿಡುವುದಿಲ್ಲ. ಎರಡನೆಯದು ಕಾರ್ಬಾಕ್ಸಿಲ್. ಇದು ರಸಸಾರ 4ರಿಂದ 5ರ ಆಸುಪಾಸಿನಲ್ಲಿ ಆವೇಶ ಪಡೆಯತೊಡಗಿ, ರಸಸಾರ 7ರ ವೇಳೆಗೆ ಬಹುತೇಕ ಪೂರ್ಣ ಆವೇಶ ಹೊಂದಿರುತ್ತದೆ. ಮೂರನೆಯದು ಫೀನಾಲ್. ಇದರ ಗೂಟಕ್ಕೆ ಹೈಡ್ರೋಜನ್ ಬಿಡದೆ ಅಂಟಿಕೊಂಡಿರುತ್ತದೆ. ರಸಸಾರ 10ರ ಸಮೀಪಕ್ಕೆ ಹೋದಾಗ ಮಾತ್ರ ಬಿಟ್ಟುಕೊಡುತ್ತದೆ.

ಲಿಗ್ನೋಸಲ್ಫೊನೇಟಿನಲ್ಲಿ ಮೊದಲನೆಯ ಬಗೆ ಮುಖ್ಯ. ಕ್ರಾಫ್ಟ್ ಲಿಗ್ನಿನ್ನಿನಲ್ಲಿ ಮೂರನೆಯ ಬಗೆ ಹೆಚ್ಚು, ಎರಡನೆಯದು ಅಲ್ಪ. ಆದುದರಿಂದಲೇ ಕ್ರಾಫ್ಟ್ ಲಿಗ್ನಿನ್ ಕ್ಷಾರದಲ್ಲಿ ಕರಗಿರುತ್ತದೆ, ಆಮ್ಲ ಹಾಕಿದೊಡನೆ ಮೊಸರಿನಂತೆ ಒಡೆದು ತಳಕ್ಕಿಳಿಯುತ್ತದೆ. ಲಿಗ್ನೋಸಲ್ಫೊನೇಟ್ ಹಾಗೆ ಇಳಿಯುವುದಿಲ್ಲ. ರಸಸಾರ ಎಷ್ಟು ಎಂದು ಹೇಳದೆ ಲಿಗ್ನಿನ್ನಿನ ಆವೇಶ ಇಷ್ಟು ಎಂದರೆ, ಯಾವ ತಿಂಗಳು ಎಂದು ಹೇಳದೆ ಬಾವಿಯಲ್ಲಿ ಇಷ್ಟು ನೀರಿದೆ ಎಂದಂತಾಗುತ್ತದೆ.

ಅಳೆಯುವ ವಿಧಾನಗಳು

ಗೂಟಗಳನ್ನು ಕಣ್ಣಿನಿಂದ ಎಣಿಸಲಾಗದು. ಎಣಿಸಿದ ದನಗಳನ್ನು ಒಂದೊಂದಾಗಿ ಒಳಗೆ ಬಿಟ್ಟು, ಎಷ್ಟನೆಯದಕ್ಕೆ ಜಾಗ ಮುಗಿಯಿತು ಎಂದು ನೋಡಬಹುದು. ಪ್ರಯೋಗಶಾಲೆಯಲ್ಲಿ ಟೈಟ್ರೇಷನ್ ಎನ್ನುವುದು ಇದನ್ನೇ. ಮುಖ್ಯವಾಗಿ ನಾಲ್ಕು ವಿಧಾನಗಳು ಬಳಕೆಯಲ್ಲಿವೆ.

(ಅ) ವಿದ್ಯುದ್ವಾಹಕತೆಯ ಟೈಟ್ರೇಷನ್: ಲಿಗ್ನೋಸಲ್ಫೊನೇಟಿಗೆ ಇದು ತಕ್ಕ ವಿಧಾನ. ಮೊದಲು ದ್ರಾವಣವನ್ನು ಅಯಾನು ವಿನಿಮಯ ರಾಳದ ಮೂಲಕ ಹಾಯಿಸಿ, ಅದರಲ್ಲಿರುವ ಸೋಡಿಯಂ ಅಥವಾ ಕ್ಯಾಲ್ಸಿಯಂ ಎಲ್ಲವನ್ನೂ ತೆಗೆದು ಆ ಜಾಗದಲ್ಲಿ ಹೈಡ್ರೋಜನ್ ನಿಲ್ಲಿಸುತ್ತಾರೆ. ಅನಂತರ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ವಿದ್ಯುದ್ವಾಹಕತೆಯನ್ನು ಗುರುತು ಹಾಕಿಕೊಳ್ಳುತ್ತಾರೆ. ಚುರುಕಾಗಿ ಓಡಾಡುವ ಹೈಡ್ರೋಜನ್ ಹೋಗಿ ನಿಧಾನದ ಸೋಡಿಯಂ ಬಂದಂತೆಲ್ಲ ವಾಹಕತೆ ಇಳಿಯುತ್ತದೆ. ಸಲ್ಫೊನೇಟ್ ಗುಂಪುಗಳು ಮುಗಿದಲ್ಲಿ ಗೆರೆ ಮೊದಲ ತಿರುವು ಪಡೆಯುತ್ತದೆ. ದುರ್ಬಲ ಆಮ್ಲದ ಗುಂಪುಗಳು ಮುಗಿದು ಕ್ಷಾರ ಉಳಿಯತೊಡಗಿದಾಗ ಗೆರೆ ಕಡಿದಾಗಿ ಏರುತ್ತದೆ. ಅದು ಎರಡನೆಯ ತಿರುವು. ಉದಾಹರಣೆಗೆ, 0.1 ಗ್ರಾಂ ವಸ್ತುವಿಗೆ ಮೊದಲ ತಿರುವಿನವರೆಗೆ 0.1 ನಾರ್ಮಲ್ ಸೋಡಾ ದ್ರಾವಣ 2 ಮಿಲಿ ಲೀಟರ್ ಹಿಡಿಯಿತೆಂದರೆ, ಗ್ರಾಮಿಗೆ 2 ಮಿಲಿ ಈಕ್ವಿವಲೆಂಟ್ ಸಲ್ಫೊನೇಟ್ ಇದೆ ಎಂದರ್ಥ. ಸಾಮಾನ್ಯ ಲಿಗ್ನೋಸಲ್ಫೊನೇಟಿನಲ್ಲಿ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ.

(ಆ) ರಸಸಾರದ ಟೈಟ್ರೇಷನ್: ಕ್ರಾಫ್ಟ್ ಲಿಗ್ನಿನ್ ಮತ್ತು ಹ್ಯೂಮಿಕ್ ಆಮ್ಲಗಳಿಗೆ ಇದನ್ನು ಬಳಸುತ್ತಾರೆ. ವಸ್ತುವನ್ನು ಹೆಚ್ಚಿನ ಕ್ಷಾರದಲ್ಲಿ ಕರಗಿಸಿ, ಸಾರಜನಕದ ವಾತಾವರಣದಲ್ಲಿ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ ರಸಸಾರವನ್ನು ಅಳೆಯುತ್ತಾರೆ. ಎಲ್ಲಿ ಫೀನಾಲ್, ಎಲ್ಲಿ ಕಾರ್ಬಾಕ್ಸಿಲ್ ಎಂಬುದು ಬೇರೆ ಬೇರೆ ತಿರುವುಗಳಲ್ಲಿ ತಿಳಿಯುತ್ತದೆ. ಕ್ರಾಫ್ಟ್ ಲಿಗ್ನಿನ್ನಿನಲ್ಲಿ ಗ್ರಾಮಿಗೆ ಸುಮಾರು 4 ಮಿಲಿ ಈಕ್ವಿವಲೆಂಟ್ ಫೀನಾಲ್ ಕಂಡುಬಂದರೆ, ಕಾರ್ಬಾಕ್ಸಿಲ್ ಅರ್ಧದ ಆಸುಪಾಸಿನಲ್ಲಿರುತ್ತದೆ. ಮಣ್ಣಿನ ಹ್ಯೂಮಿಕ್ ಆಮ್ಲದಲ್ಲಿ ಕಾರ್ಬಾಕ್ಸಿಲ್ ಒಂದೇ 3ರಿಂದ 4ರಷ್ಟಿರುವುದು ಸಾಮಾನ್ಯ. ಈ ವ್ಯತ್ಯಾಸವನ್ನು ಕೇಳುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಕೆಲಸಕ್ಕೆ ಬರುತ್ತದೆ.

(ಇ) ಕಲಿಲ ಟೈಟ್ರೇಷನ್: ಜಪಾನಿನ ವಿಜ್ಞಾನಿ ತೆರಾಯಾಮಾ 1952ರಲ್ಲಿ ಇದನ್ನು ಪ್ರಕಟಿಸಿದರು. ಇಲ್ಲಿ ಸೋಡಾದ ಬದಲು, ಉದ್ದನೆಯ ಸರಪಳಿಯಂತಿರುವ ಧನಾವೇಶದ ಪಾಲಿಮರನ್ನು ಲಿಗ್ನಿನ್ ದ್ರಾವಣಕ್ಕೆ ಬಿಡುತ್ತಾರೆ. ಧನ ಮತ್ತು ಋಣ ಒಂದಕ್ಕೊಂದು ಹೊಂದಿಕೊಂಡು ಆವೇಶ ಸೊನ್ನೆಯಾಗುವವರೆಗೆ ಎಷ್ಟು ಪಾಲಿಮರ್ ಹಿಡಿಯಿತು ಎಂಬುದೇ ಅಳತೆ. ಕೊನೆಯ ಹಂತ ತಿಳಿಯಲು ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣವನ್ನು ಹಾಕುತ್ತಾರೆ. ಋಣಾವೇಶದ ಪಾಲಿಮರ್ ಹೆಚ್ಚಾದಾಗ ಅದು ಕೆನ್ನೇರಳೆಗೆ ತಿರುಗುತ್ತದೆ. ಆದರೆ ಲಿಗ್ನಿನ್ ದ್ರಾವಣವೇ ಕಪ್ಪಾದ್ದರಿಂದ ಬಣ್ಣದ ಬದಲಾವಣೆ ಸರಿಯಾಗಿ ಕಾಣದು. ಅದಕ್ಕಾಗಿ ಈಗ ಒಂದು ಉಪಕರಣವನ್ನು ಬಳಸುತ್ತಾರೆ. ಪ್ಲಾಸ್ಟಿಕ್ಕಿನ ಚಿಕ್ಕ ಪಾತ್ರೆಯೊಳಗೆ ಒಂದು ಪಿಸ್ಟನ್ ಸಣ್ಣ ಸಂದಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಲಿಗ್ನಿನ್ ಗೋಡೆಗೆ ಅಂಟಿಕೊಳ್ಳುತ್ತದೆ, ಅದರ ಜೊತೆಗಿದ್ದ ಸೋಡಿಯಂ ಮುಂತಾದವು ನೀರಿನೊಡನೆ ಹಿಂದೆ ಮುಂದೆ ಒಯ್ಯಲ್ಪಡುತ್ತವೆ. ಇದರಿಂದ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಧನಾವೇಶದ ಪಾಲಿಮರ್ ಬಿಡುತ್ತ ಹೋದಂತೆ ಈ ಪ್ರವಾಹ ಸೊನ್ನೆಗೆ ಬರುತ್ತದೆ. ದ್ರಾವಣ ಎಷ್ಟೇ ಕಪ್ಪಾಗಿದ್ದರೂ ಅಡ್ಡಿಯಿಲ್ಲ.

(ಈ) ಜೀಟಾ ವಿಭವ: ಲಿಗ್ನಿನ್ ಸವರಿದ ಕಣಗಳನ್ನು ನೀರಿನಲ್ಲಿ ತೇಲಿಸಿ, ಎರಡು ವಿದ್ಯುದ್ವಾರಗಳ ನಡುವೆ ಅವು ಯಾವ ಕಡೆಗೆ, ಎಷ್ಟು ವೇಗದಲ್ಲಿ ಓಡುತ್ತವೆ ಎಂಬುದನ್ನು ನೋಡುತ್ತಾರೆ. ಋಣಾವೇಶದ ಕಣಗಳು ಧನ ಧ್ರುವದ ಕಡೆಗೆ ಓಡುತ್ತವೆ. ಫಲಿತಾಂಶವನ್ನು ಮಿಲಿವೋಲ್ಟುಗಳಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ 30 ಮಿಲಿವೋಲ್ಟಿಗಿಂತ ಹೆಚ್ಚಿದ್ದರೆ ಕಣಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಸೊನ್ನೆಯ ಸಮೀಪಕ್ಕೆ ಬಂದರೆ ಹೆಪ್ಪುಗಟ್ಟುತ್ತವೆ.

ಮೊದಲ ಎರಡು ವಿಧಾನಗಳು ಒಟ್ಟು ಗೂಟಗಳೆಷ್ಟು ಎಂದು ಹೇಳುತ್ತವೆ. ಮೂರನೆಯದು, ಆ ರಸಸಾರದಲ್ಲಿ ದೊಡ್ಡ ಪಾಲಿಮರಿನ ಕೈಗೆ ಎಟುಕುವ ಗೂಟಗಳೆಷ್ಟು ಎಂದು ಹೇಳುತ್ತದೆ. ನಾಲ್ಕನೆಯದು, ಹೊರಗಿನ ನೀರಿಗೆ ಕಾಣುವ ಆವೇಶದ ಬಲವನ್ನು ಹೇಳುತ್ತದೆ. ಆದುದರಿಂದ ಒಂದೇ ಮಾದರಿಗೆ ನಾಲ್ಕು ಕಡೆ ನಾಲ್ಕು ಅಂಕಿ ಬಂದರೆ ಯಾವುದೋ ಒಂದು ಸುಳ್ಳೆಂದು ತಿಳಿಯಬೇಕಾಗಿಲ್ಲ. ಜೊತೆಗೆ ಮಾದರಿಯಲ್ಲಿ ಉಪ್ಪು ಅಥವಾ ಬೇಯಿಸಿದ ಸೋಡಾ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ. ಉಳಿದ ಕ್ಷಾರವನ್ನು ಲಿಗ್ನಿನ್ನಿನ ಆವೇಶವೆಂದು ಎಣಿಸಿದಂತಾಗುತ್ತದೆ. ಹೆಚ್ಚು ಉಪ್ಪಿದ್ದಲ್ಲಿ ಆವೇಶ ಮರೆಯಾಗಿ ಕಡಿಮೆ ತೋರುತ್ತದೆ. ಆದುದರಿಂದ ಮಾದರಿಯನ್ನು ತೊಳೆದು ಶುದ್ಧಮಾಡಿ, ರಸಸಾರವನ್ನು ನಮೂದಿಸಿ ಅಳೆಯುವುದು ಅವಶ್ಯ.

ಹೊಲದಲ್ಲಿ ಈ ಅಳತೆಯ ಪ್ರಯೋಜನ

1. ಪೀಡೆನಾಶಕ ಪುಡಿಗಳು: ಪೀಡೆನಾಶಕದ ಕಣಗಳು ತಾವಾಗಿ ನೀರಿನಲ್ಲಿ ಕರಗುವುದಿಲ್ಲ. ಲಿಗ್ನೋಸಲ್ಫೊನೇಟ್ ಅವುಗಳ ಮೈಗೆ ಸವರಿಕೊಂಡು ಋಣಾವೇಶ ಕೊಡುತ್ತದೆ. ಕದಡಿದ ಕೆರೆ ನೀರಿನಂತೆ ಕಣಗಳು ತೇಲುತ್ತಲೇ ಇರುತ್ತವೆ, ಎಲ್ಲ ಗಿಡಕ್ಕೂ ಸಮನಾಗಿ ಔಷಧಿ ಬೀಳುತ್ತದೆ. ಆವೇಶ ಸಾಲದೆ ಹೋದರೆ ಪುಡಿ ತಳ ಹಿಡಿಯುತ್ತದೆ. ಮೊದಲ ಸಾಲಿನ ಗಿಡ ಸುಡುತ್ತದೆ, ಕೊನೆಯ ಸಾಲಿನ ಹುಳು ಉಳಿಯುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ಇಂಥ ಪುಡಿಯನ್ನು ದಶಲಕ್ಷಕ್ಕೆ 342 ಭಾಗ ಗಡಸುತನವಿರುವ ನೀರಿನಲ್ಲಿ ಕಲಸಿ, 250 ಮಿಲಿ ಲೀಟರಿನ ಅಳತೆ ಜಾಡಿಯಲ್ಲಿ 30 ನಿಮಿಷ ಅಲುಗಿಸದೆ ಇಟ್ಟು, ಎಷ್ಟು ಭಾಗ ತೇಲಿ ಉಳಿಯಿತೆಂದು ನೋಡುತ್ತಾರೆ. ರೈತರೂ ಇದನ್ನು ಸರಳವಾಗಿ ಮಾಡಬಹುದು. ಸಿಂಪರಣೆಗೆ ಬಳಸುವ ಅದೇ ಕೊಳವೆ ಬಾವಿಯ ನೀರನ್ನು ಒಂದು ಗಾಜಿನ ಸೀಸೆಯಲ್ಲಿ ತೆಗೆದುಕೊಂಡು, ಶಿಫಾರಸಿನ ಪ್ರಮಾಣದಲ್ಲಿ ಪುಡಿ ಬೆರೆಸಿ, ಅರ್ಧ ಗಂಟೆ ಬಿಟ್ಟು ನೋಡಬೇಕು. ಕೈಗವಸು ಹಾಕಿಕೊಂಡೇ ಮಾಡಬೇಕು, ಆ ಸೀಸೆಯನ್ನು ಮತ್ತೆ ಬೇರೆ ಕೆಲಸಕ್ಕೆ ಬಳಸಕೂಡದು. ತಳದಲ್ಲಿ ದಪ್ಪ ಗಸಿ ನಿಂತು ಮೇಲೆ ನೀರು ತಿಳಿಯಾದರೆ ಆ ಪುಡಿಗೂ ಆ ನೀರಿಗೂ ಹೊಂದುವುದಿಲ್ಲ.

ಖರ್ಚು ಉಳಿಸಲೆಂದು ಪೀಡೆನಾಶಕ ಪುಡಿಯ ಜೊತೆಯಲ್ಲೇ ಸತುವಿನ ಸಲ್ಫೇಟನ್ನು ಬೆರೆಸಿ ಸಿಂಪಡಿಸುವುದುಂಟು. ಸತು ಧನಾವೇಶವುಳ್ಳದ್ದು, ಪಟಿಕ ಕದಡಿದ ನೀರಿಗೆ ಮಾಡುವುದನ್ನೇ ಅದು ಪುಡಿಯ ದ್ರಾವಣಕ್ಕೆ ಮಾಡಬಹುದು. ಬೆರೆಸುವ ಮುನ್ನ ಇದೇ ಸೀಸೆಯ ಪರೀಕ್ಷೆ ಮಾಡುವುದು ಲೇಸು. ಗಸಿ ನಿಂತರೆ ಎರಡನ್ನೂ ಬೇರೆ ಬೇರೆ ದಿನ ಸಿಂಪಡಿಸಬೇಕು.

2. ಲಿಗ್ನಿನ್ ಬೆರೆತ ಸತು: ಲಿಗ್ನೋಸಲ್ಫೊನೇಟಿನ ಒಂದು ಗ್ರಾಮಿನಲ್ಲಿ 2 ಮಿಲಿ ಈಕ್ವಿವಲೆಂಟ್ ಗೂಟಗಳಿವೆ ಎಂದು ಮೇಲೆ ಹೇಳಿದೆ. ಸತುವಿನ ಒಂದು ಮಿಲಿ ಈಕ್ವಿವಲೆಂಟ್ ಎಂದರೆ 32.7 ಮಿಲಿಗ್ರಾಂ. ಹಾಗಾದರೆ ಒಂದು ಗ್ರಾಂ ಲಿಗ್ನೋಸಲ್ಫೊನೇಟ್ ಸಲ್ಫೊನೇಟ್ ಗೂಟಗಳಲ್ಲಿ ಹಿಡಿಯಬಲ್ಲ ಸತು ಸುಮಾರು 65 ಮಿಲಿಗ್ರಾಂ, ಅಂದರೆ ಶೇಕಡಾ 6.5. ಇತರ ಗುಂಪುಗಳು ಇನ್ನಷ್ಟು ಸೇರಿಸಿದರೂ ಈ ಅಂಕಿ ಹಲವು ಪಟ್ಟು ಬೆಳೆಯದು. ಪೊಟ್ಟಣದ ಮೇಲೆ ಶೇಕಡಾ 20 ಸತು, ಎಲ್ಲವೂ ಲಿಗ್ನಿನ್ನಿಗೆ ಬಂಧಿತ ಎಂದು ಬರೆದಿದ್ದರೆ, ಅದರಲ್ಲಿ ಬಹುಪಾಲು ಬರಿಯ ಸತುವಿನ ಲವಣ ಎಂದು ತಿಳಿಯಬಹುದು. ಬರಿಯ ಸತುವಿನ ಸಲ್ಫೇಟಿನಲ್ಲಿಯೇ ಶೇಕಡಾ 21 ಸತು ಇದ್ದು, ಅದರ ಬೆಲೆ ಕಡಿಮೆ. ಅಲ್ಲದೆ ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಲಿಗ್ನಿನ್ನಿನ ಹಿಡಿತ ಇಡಿಟಿಎ ಹಿಡಿತದಷ್ಟು ಬಿಗಿಯಲ್ಲ. ಕ್ಯಾಲ್ಸಿಯಂ ಬಂದು ಸತುವನ್ನು ಬಿಡಿಸಿಬಿಡುತ್ತದೆ. ಇಂಥ ಮಣ್ಣಿಗೆ ಹಾಕುವುದಕ್ಕಿಂತ ಎಲೆಗಳ ಮೇಲೆ ಸಿಂಪಡಿಸಲು ಇದು ತಕ್ಕುದು.

3. ಕಪ್ಪು ಸೀಸೆಯ ನಿಜರೂಪ: ಹ್ಯೂಮಿಕ್ ಆಮ್ಲ ಆಮ್ಲದಲ್ಲಿ ಕರಗುವುದಿಲ್ಲ. ಪ್ರಯೋಗಶಾಲೆಯಲ್ಲಿ ದ್ರಾವಣಕ್ಕೆ ಹೈಡ್ರೊಕ್ಲೋರಿಕ್ ಆಮ್ಲ ಹಾಕಿ ರಸಸಾರವನ್ನು 1ಕ್ಕೆ ಇಳಿಸಿದರೆ ಹ್ಯೂಮಿಕ್ ಆಮ್ಲ ಕಪ್ಪು ಚೂರುಗಳಾಗಿ ಕೆಳಗೆ ಕೂರುತ್ತದೆ. ಹ್ಯೂಮಿಕ್ ಎಂದು ಮಾರಿದ ಸರಕು ಇಷ್ಟಾದರೂ ಗಸಿ ಬಿಡದೆ ಕಪ್ಪಾಗಿಯೇ ಉಳಿದರೆ, ಅದರಲ್ಲಿ ಹ್ಯೂಮಿಕ್ ಆಮ್ಲ ಇಲ್ಲವೇ ಇಲ್ಲ ಅಥವಾ ತೀರ ಕಡಿಮೆ ಎಂದಾಯಿತು. ಲಿಗ್ನೋಸಲ್ಫೊನೇಟ್ ಇರಬಹುದೆಂಬ ಶಂಕೆಗೆ ಇದು ಸಾಕು. ಫಲ್ವಿಕ್ ಆಮ್ಲಕ್ಕೆ ಈ ಪರೀಕ್ಷೆ ಸಲ್ಲದು. ಅದೂ ಆಮ್ಲದಲ್ಲಿ ಕರಗಿಯೇ ಇರುತ್ತದೆ. ಆದ್ದರಿಂದಲೇ ಫಲ್ವಿಕ್ ಹೆಸರಿನಲ್ಲಿ ಲಿಗ್ನೋಸಲ್ಫೊನೇಟ್ ಮಾರುವುದು ಸುಲಭ.

ಇನ್ನು ಕ್ರಾಫ್ಟ್ ಲಿಗ್ನಿನ್ ಬೆರೆಸಿದ್ದರೆ ಅದೂ ಹ್ಯೂಮಿಕ್ ಆಮ್ಲದಂತೆಯೇ ಗಸಿಯಾಗಿ ಇಳಿದು ಈ ಪರೀಕ್ಷೆಯಲ್ಲಿ ಪಾರಾಗಿಬಿಡುತ್ತದೆ. ಇಲ್ಲಿಯೇ ಆವೇಶದ ಅಳತೆ ಬೇಕಾಗುವುದು. ರಸಸಾರ 7ರಲ್ಲಿ ಹ್ಯೂಮಿಕ್ ಆಮ್ಲ ಗ್ರಾಮಿಗೆ 3 ಮಿಲಿ ಈಕ್ವಿವಲೆಂಟಿಗೆ ಮೀರಿ ಕಾರ್ಬಾಕ್ಸಿಲ್ ಆವೇಶ ತೋರಿದರೆ, ಕ್ರಾಫ್ಟ್ ಲಿಗ್ನಿನ್ ಒಂದನ್ನೂ ಮುಟ್ಟುವುದು ಕಷ್ಟ. ಅದರ ಗೂಟಗಳಲ್ಲಿ ಬಹುಪಾಲು ರಸಸಾರ 10ರ ಸಮೀಪದಲ್ಲಿ ಮಾತ್ರ ತೆರೆಯುವಂಥವು. ಬೆಳೆ ಬೆಳೆಯುವ ಮಣ್ಣು ಸಾಮಾನ್ಯವಾಗಿ ಅಷ್ಟು ಕ್ಷಾರವಿರುವುದಿಲ್ಲ. ಬಣ್ಣ ಒಂದೇ, ಗಸಿ ಒಂದೇ; ಅಂಕಿ ಮಾತ್ರ ಬೇರೆ. ಈ ಆಮ್ಲ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಬಾರದು. ಹಲವು ಮಂದಿ ರೈತರು ಸೇರಿ ಒಂದೇ ಸರಕಿನ ಮಾದರಿಯನ್ನು ಮುಚ್ಚಳ ತೆರೆಯದ ಸೀಸೆಯಲ್ಲೇ, ರಸೀತಿ ಸಹಿತ, ಕೃಷಿ ಅಧಿಕಾರಿಗಳ ಮೂಲಕ ಪರೀಕ್ಷೆಗೆ ಕಳುಹಿಸುವುದು ಸರಿಯಾದ ದಾರಿ. 2021ರಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶವನ್ನು ತಿದ್ದುಪಡಿ ಮಾಡಿ, ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳನ್ನು ಜೈವಿಕ ಪ್ರಚೋದಕಗಳ ಪಟ್ಟಿಯಲ್ಲಿ ಸೇರಿಸಿದೆ. ಆದುದರಿಂದ ಸೀಸೆಯ ಮೇಲೆ ಏನಿದೆ ಎಂದು ಬರೆಯಲಾಗಿದೆಯೋ ಅದನ್ನು ಕೇಳುವ ಹಕ್ಕು ರೈತನಿಗೆ ಇದೆ.

4. ಮಣ್ಣಿನ ಲೆಕ್ಕ: ಒಂದು ಲೀಟರ್ ಹಾಕಿದರೆ ಮಣ್ಣಿನ ಪೋಷಕಾಂಶ ಹಿಡಿಯುವ ಶಕ್ತಿ ದ್ವಿಗುಣವಾಗುತ್ತದೆ ಎಂಬಂಥ ಮಾತುಗಳು ಕೇಳಿಬರುತ್ತವೆ. ಲೆಕ್ಕ ಹಾಕಿದರೆ ಇದರ ಹುರುಳು ತಿಳಿಯುತ್ತದೆ. ಒಂದು ಎಕರೆಯ ಮೇಲ್ಮಣ್ಣು, ಸುಮಾರು 15 ಸೆಂಟಿಮೀಟರ್ ಆಳದವರೆಗೆ, 9 ಲಕ್ಷ ಕಿಲೋ ತೂಗುತ್ತದೆ. ಕೆಂಪು ಮಣ್ಣಿನ ವಿನಿಮಯ ಸಾಮರ್ಥ್ಯ 100 ಗ್ರಾಮಿಗೆ 10 ಮಿಲಿ ಈಕ್ವಿವಲೆಂಟ್ ಎಂದು ಹಿಡಿದರೆ, ಆ ಎಕರೆಯಲ್ಲಿ ಒಟ್ಟು 90,000 ಈಕ್ವಿವಲೆಂಟ್ ಗೂಟಗಳಿವೆ. ಅಪ್ಪಟ ಹ್ಯೂಮಿಕ್ ಆಮ್ಲವನ್ನೇ ಒಂದು ಕಿಲೋ ಹಾಕಿದರೂ ಅದಕ್ಕೆ ಸೇರುವುದು 3ರಿಂದ 4. ಲಿಗ್ನೋಸಲ್ಫೊನೇಟ್ ಆದರೆ 2. ಸಾವಿರ ದನಗಳ ಹಿಂಡಿಗೆ ದನದ ಬಾಲದಷ್ಟೂ ಸೇರಿಸಿದಂತಾಗಲಿಲ್ಲ.

ಇದಕ್ಕೆ ಪ್ರತಿಯಾಗಿ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರವನ್ನು ಗಮನಿಸಬೇಕು. ಅರ್ಧದಷ್ಟು ತೇವ ಕಳೆದರೆ ಒಣ ಪದಾರ್ಥ 2,000 ಕಿಲೋ. ಅದರ ವಿನಿಮಯ ಸಾಮರ್ಥ್ಯವನ್ನು 100 ಗ್ರಾಮಿಗೆ 30 ಎಂದು ಕಡಿಮೆಯಾಗಿಯೇ ಹಿಡಿದರೂ 600 ಈಕ್ವಿವಲೆಂಟ್ ಆಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಬೇರೆ. ಹ್ಯೂಮಿಕ್ ಪದಾರ್ಥಗಳು ಅಲ್ಪ ಪ್ರಮಾಣದಲ್ಲಿ ಬೇರಿನ ಬೆಳವಣಿಗೆಗೆ ನೆರವಾಗಬಹುದು. ಅದು ಬೇರೆ ಮಾತು. ಮಣ್ಣಿನ ಶಕ್ತಿಯನ್ನು ಬದಲಿಸುವ ಕೆಲಸ ಸೀಸೆಯಿಂದ ಆಗದು, ಗುಂಡಿಯಿಂದ ಆಗಬೇಕು.

5. ಜೊತೆಗೆ ಬರುವ ಸೋಡಿಯಂ: ಗೂಟ ಖಾಲಿ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಸೋಡಿಯಂ ಲಿಗ್ನೋಸಲ್ಫೊನೇಟಿನ ಒಂದು ಗ್ರಾಮಿನಲ್ಲಿ ಕನಿಷ್ಠ 46 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೀಸೆಯಷ್ಟು ಬಳಸಿದರೆ ಭೂಮಿಗೆ ಕೇಡೇನೂ ಆಗದು. ಆದರೆ ಕಾರ್ಖಾನೆಯ ಕಪ್ಪು ದ್ರಾವಣವನ್ನು ಪುಕ್ಕಟೆ ಗೊಬ್ಬರವೆಂದು ಟ್ಯಾಂಕರಿನಲ್ಲಿ ತರಿಸಿ ಹೊಲಕ್ಕೆ ಬಿಡುವುದು ಬೇರೆ ವಿಷಯ. ಅದರಲ್ಲಿ ಲಿಗ್ನಿನ್ನಿನ ಜೊತೆಗೆ ಬೇಯಿಸಿದ ಸೋಡಾ ಬಹಳವಾಗಿ ಇರುತ್ತದೆ. ಸೋಡಿಯಂ ಮಣ್ಣಿನ ಗೂಟಗಳನ್ನು ಹಿಡಿದರೆ ಎರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಮಳೆ ಬಂದಾಗ ಕೆಸರಾಗಿ, ಒಣಗಿದಾಗ ಕಲ್ಲಾಗಿ, ನೀರು ಇಂಗದೆ ಭೂಮಿ ಕರಲಾಗುತ್ತದೆ. ಅದನ್ನು ಸರಿಪಡಿಸಲು ಜಿಪ್ಸಂ ಹಾಕಿ ವರ್ಷಗಟ್ಟಲೆ ಬಸಿಗಾಲುವೆಯಲ್ಲಿ ತೊಳೆಯಬೇಕಾಗುತ್ತದೆ. ಯಾವುದೇ ಕಾರ್ಖಾನೆಯ ದ್ರಾವಣವಾಗಲಿ, ವಿದ್ಯುದ್ವಾಹಕತೆ, ರಸಸಾರ ಮತ್ತು ಸೋಡಿಯಂ ಪರೀಕ್ಷೆ ಮಾಡಿಸದೆ ಹೊಲಕ್ಕೆ ಬಿಡಕೂಡದು.

ರೈತರು ನೆನಪಿಡಬೇಕಾದ ಅಂಶಗಳು

1. ಕಪ್ಪು ಬಣ್ಣ ಗುಣಮಟ್ಟದ ಗುರುತಲ್ಲ.

2. ಲಿಗ್ನಿನ್ ಇದೆ ಎಂದು ಬರೆದಿದ್ದರೆ ಯಾವ ಲವಣ ಎಂದು ಕೇಳಬೇಕು: ಸೋಡಿಯಂ, ಕ್ಯಾಲ್ಸಿಯಂ, ಅಮೋನಿಯಂ ಅಥವಾ ಪೊಟ್ಯಾಸಿಯಂ. ಕರಲು ಭೂಮಿಗೆ ಸೋಡಿಯಂ ಲವಣ ಬೇಡ.

3. ಸಿಂಪರಣೆಗೆ ಮೊದಲು ತಮ್ಮ ಬಾವಿಯ ನೀರಿನಲ್ಲೇ ಅರ್ಧ ಗಂಟೆಯ ಸೀಸೆ ಪರೀಕ್ಷೆ ಮಾಡಬೇಕು.

4. ಸತುವಿನ ಸಲ್ಫೇಟನ್ನು ಪೀಡೆನಾಶಕ ಪುಡಿಯೊಡನೆ ಪರೀಕ್ಷಿಸದೆ ಬೆರೆಸಬಾರದು.

5. ಲಘು ಪೋಷಕಾಂಶವನ್ನು ಕೊಳ್ಳುವಾಗ ಒಂದು ಕಿಲೋ ಪೊಟ್ಟಣಕ್ಕಲ್ಲ, ಒಂದು ಕಿಲೋ ಸತುವಿಗೆ ಎಷ್ಟು ಬೆಲೆ ಬಿದ್ದಿತು ಎಂದು ಲೆಕ್ಕ ಹಾಕಬೇಕು.

6. ಹ್ಯೂಮಿಕ್ ಸರಕನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಳ್ಳುವ ಮುನ್ನ ಮಾದರಿ ಪರೀಕ್ಷೆ ಮಾಡಿಸಬೇಕು. ರಸೀತಿ ಪಡೆಯದೆ ಕೊಳ್ಳಬಾರದು.

7. ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್ ಮತ್ತು ಹಸಿರೆಲೆ ಗೊಬ್ಬರಗಳನ್ನು ಬಿಟ್ಟು ಸೀಸೆಯನ್ನು ನಂಬಬಾರದು.

ಧಾನ್ಯ ಕೊಳ್ಳುವ ವ್ಯಾಪಾರಿ ಚೀಲವನ್ನು ಕಣ್ಣಳತೆಯಿಂದ ಕೊಳ್ಳುವುದಿಲ್ಲ, ತಕ್ಕಡಿಗೆ ಹಾಕಿಯೇ ಬೆಲೆ ಕಟ್ಟುತ್ತಾನೆ. ರೈತನೂ ತಾನು ಕೊಳ್ಳುವ ಸರಕಿಗೆ ಅದೇ ನಿಯಮವನ್ನು ಅನ್ವಯಿಸಬೇಕು. ಕಪ್ಪು ದ್ರಾವಣಗಳಿಗೆ ವಿದ್ಯುದಾವೇಶದ ಅಳತೆಯೇ ಆ ತಕ್ಕಡಿ. ಅದನ್ನು ಹಿಡಿಯುವ ಕೆಲಸ ಪ್ರಯೋಗಶಾಲೆಯದು. ತೂಗಿಸದೆ ಹಣ ಕೊಡುವುದಿಲ್ಲ ಎಂದು ಹೇಳುವ ಕೆಲಸ ರೈತನದು.